ಶಾಲಾ ಆಡಳಿತಗಾರರ ವೇತನ ಮತ್ತು ಶಾಸನದ ಮಿತಿ: ಬೆಂಗಳೂರಿನ ಹೊರವಲಯದ ಕೈಗಾರಿಕಾ ಪ್ರದೇಶಗಳ ಹಿನ್ನೆಲೆಯಲ್ಲಿ ಒಂದು ಅವಲೋಕನ

ಪೀಠಿಕೆ

ಆಧುನಿಕ ಕರ್ನಾಟಕದ ಶಿಕ್ಷಣ ಚರಿತ್ರೆಯನ್ನು ಕುರಿತ ಬರಹಗಳಲ್ಲಿ ಶಾಲೆಗಳ ಸ್ಥಾಪನೆ, ಬೋಧನಾ ಮಾಧ್ಯಮ, ಪಠ್ಯಕ್ರಮ ಮತ್ತು ಸಾಕ್ಷರತೆಯ ಪ್ರಮಾಣಗಳಿಗೆ ಸಂದ ಗಮನ ಶಾಲೆಯ ಹಣಕಾಸಿಗೆ ಸಂದಿಲ್ಲ. ಶಾಲೆಗೆ ಬಂದ ಹಣದಲ್ಲಿ ಶಿಕ್ಷಕನಿಗೆ ಎಷ್ಟು, ಕಟ್ಟಡಕ್ಕೆ ಎಷ್ಟು, ಶಾಲೆಯನ್ನು ನಡೆಸುವವನಿಗೆ ಎಷ್ಟು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಲೆಕ್ಕಪತ್ರದ ವಿಷಯವಾಗಿ ತೋರಿದರೂ ಅದು ಮೂಲತಃ ಸಾಮಾಜಿಕ ನ್ಯಾಯದ ಪ್ರಶ್ನೆಯಾಗಿದೆ. ಈ ಪ್ರಶ್ನೆಗೆ ಶಾಸನಗಳು ಕಾಲಕಾಲಕ್ಕೆ ನೀಡಿದ ಉತ್ತರಗಳನ್ನು ಪ್ರಸ್ತುತ ಪ್ರಬಂಧದಲ್ಲಿ ಪರಿಶೀಲಿಸಲಾಗಿದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮತ್ತು ಪೀಣ್ಯ ಪ್ರದೇಶಗಳನ್ನು ಇಲ್ಲಿ ಹಿನ್ನೆಲೆಯಾಗಿ ಇಟ್ಟುಕೊಳ್ಳಲಾಗಿದೆ. ಸರ್ಕಾರಿ ಶಾಲೆ, ಅನುದಾನಿತ ಶಾಲೆ, ಸಾರ್ವಜನಿಕ ಉದ್ದಿಮೆಯ ಶಾಲೆ ಮತ್ತು ಅನುದಾನರಹಿತ ಖಾಸಗಿ ಶಾಲೆ ಎಂಬ ನಾಲ್ಕೂ ಬಗೆಗಳು ಈ ಪ್ರದೇಶಗಳಲ್ಲಿ ಅಕ್ಕಪಕ್ಕದಲ್ಲಿಯೇ ಬೆಳೆದಿರುವುದು ಇದಕ್ಕೆ ಕಾರಣ.

ಮೊದಲಿಗೆ ಒಂದು ಪದದ ಗೊಂದಲವನ್ನು ನಿವಾರಿಸಿಕೊಳ್ಳುವುದು ಅಗತ್ಯ. ನಮ್ಮಲ್ಲಿ ‘ಪಬ್ಲಿಕ್ ಸ್ಕೂಲ್’ ಎಂಬ ಫಲಕ ಹೊತ್ತ ಶಾಲೆ ಬಹುಮಟ್ಟಿಗೆ ಖಾಸಗಿ ಶಾಲೆಯೇ ಆಗಿರುತ್ತದೆ. 2018-19ರಲ್ಲಿ ಸರ್ಕಾರವು ‘ಕರ್ನಾಟಕ ಪಬ್ಲಿಕ್ ಶಾಲೆ’ಗಳನ್ನು ಆರಂಭಿಸಿದ ಮೇಲೆ ಈ ಪದಕ್ಕೆ ಅದರ ನಿಜವಾದ ಅರ್ಥ ಸ್ವಲ್ಪಮಟ್ಟಿಗೆ ಮರಳಿ ಬಂದಿತು. ಪದದ ಈ ದ್ವಂದ್ವ ಶಾಸನದಲ್ಲಿಯೂ ಇದೆ. ಸಾರ್ವಜನಿಕ ಸೇವೆ ಎಂದು ಕಾನೂನು ಪರಿಗಣಿಸುವ ಶಾಲೆಯ ಹಣ ಎಷ್ಟರಮಟ್ಟಿಗೆ ಸಾರ್ವಜನಿಕ ಪರಿಶೀಲನೆಗೆ ಒಳಪಡಬೇಕು ಎಂಬುದೇ ಇಡೀ ವಿವಾದದ ತಿರುಳು.

ಪ್ರದೇಶದ ಬೆಳವಣಿಗೆ

1882ರಲ್ಲಿ ಮೈಸೂರಿನ ಮಹಾರಾಜ ಚಾಮರಾಜೇಂದ್ರ ಒಡೆಯರ್ ಅವರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ನೀಡಿದ 3,900 ಎಕರೆ ಭೂಮಿಯಲ್ಲಿ ವೈಟ್‌ಫೀಲ್ಡ್ ವಸಾಹತು ರೂಪುಗೊಂಡಿತು. ಸಂಘದ ನಾಯಕ ಡಿ.ಎಸ್. ವೈಟ್ ಅವರ ಹೆಸರೇ ಅದಕ್ಕೆ ನಿಂತಿತು. ಸುತ್ತಲಿನ ವರ್ತೂರು, ಕಾಡುಗೋಡಿ, ಹೂಡಿ ಮೊದಲಾದವು ಕೆರೆ ಮತ್ತು ಬೇಸಾಯವನ್ನು ನಂಬಿದ್ದ ಗ್ರಾಮಗಳಾಗಿದ್ದವು. ನಗರದ ಹೊರಭಾಗದಲ್ಲಿ ಕೈಗಾರಿಕೆಯ ಮೊದಲ ಅಲೆ ಬಂದದ್ದು ಸಾರ್ವಜನಿಕ ಉದ್ದಿಮೆಗಳ ರೂಪದಲ್ಲಿ. 1948ರಲ್ಲಿ ಕೃಷ್ಣರಾಜಪುರದ ಬಳಿ ಐಟಿಐ, 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ, 1954ರಲ್ಲಿ ಅದೇ ಜಾಲಹಳ್ಳಿಯಲ್ಲಿ ಬಿಇಎಲ್ ಸ್ಥಾಪನೆಯಾದವು. ಈ ಕಾರ್ಖಾನೆಗಳು ನೌಕರರಿಗೆ ವಸತಿ ಮತ್ತು ಆಸ್ಪತ್ರೆಗಳೊಂದಿಗೆ ಮಕ್ಕಳಿಗೆ ಶಾಲೆಯನ್ನೂ ಒದಗಿಸಿದವು. ಅಲ್ಲಿ ಶಾಲೆಯು ಕಾರ್ಮಿಕ ಕಲ್ಯಾಣದ ಅಂಗವಾಗಿತ್ತು, ಆದಾಯದ ಮೂಲವಾಗಿರಲಿಲ್ಲ.

ಎರಡನೆಯ ಅಲೆ 1970ರ ದಶಕದ್ದು. ಪೀಣ್ಯದಲ್ಲಿ ಸಣ್ಣ ಕೈಗಾರಿಕೆಗಳ ವಸಾಹತು ಬೆಳೆಯಿತು. 1976ರಲ್ಲಿ ಸ್ಥಾಪಿತವಾದ ಕಿಯೋನಿಕ್ಸ್ ಸಂಸ್ಥೆಯು ಆರ್.ಕೆ. ಬಾಳಿಗಾ ಅವರ ನೇತೃತ್ವದಲ್ಲಿ ಆನೇಕಲ್ ದಾರಿಯ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ಭೂಮಿಯಲ್ಲಿ 1978ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. 1990ರ ದಶಕದಲ್ಲಿ ಮಾಹಿತಿ ತಂತ್ರಜ್ಞಾನದ ಕಂಪನಿಗಳು ಎಲೆಕ್ಟ್ರಾನಿಕ್ ಸಿಟಿಗೂ ವೈಟ್‌ಫೀಲ್ಡಿಗೂ ಬಂದವು. 2007ರಲ್ಲಿ ಮಹದೇವಪುರ, ಬೊಮ್ಮನಹಳ್ಳಿ, ದಾಸರಹಳ್ಳಿ ಮೊದಲಾದ ನಗರಸಭೆಗಳೂ 110 ಗ್ರಾಮಗಳೂ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದವು. ಗ್ರಾಮದ ಹಿರಿಯ ಪ್ರಾಥಮಿಕ ಶಾಲೆ ಇದ್ದಲ್ಲಿಯೇ ಇತ್ತು. ಅದರ ಸುತ್ತ ಬೆಳೆದ ಬಡಾವಣೆಗಳ ಬೇಡಿಕೆಯನ್ನು ಪೂರೈಸಿದ್ದು ಅನುದಾನರಹಿತ ಖಾಸಗಿ ಶಾಲೆಗಳು. ತಂತ್ರಜ್ಞರ ಮಕ್ಕಳಿಗಾಗಿ ಕೇಂದ್ರ ಪಠ್ಯಕ್ರಮದ ದೊಡ್ಡ ಶಾಲೆಗಳೂ, ಕಾರ್ಖಾನೆಯ ಕಾರ್ಮಿಕರ ಮಕ್ಕಳಿಗಾಗಿ ಎರಡು ಮೂರು ಅಂತಸ್ತಿನ ಕಟ್ಟಡಗಳಲ್ಲಿ ನಡೆಯುವ ಸಣ್ಣ ಶಾಲೆಗಳೂ ಹುಟ್ಟಿಕೊಂಡವು. ಶಾಲೆಯ ಆಡಳಿತಗಾರನ ಸಂಪಾದನೆ ಚರ್ಚೆಯ ವಿಷಯವಾದದ್ದು ಈ ಹಂತದಲ್ಲಿ.

ವೇತನ ಶ್ರೇಣಿಯೆಂಬ ಮಿತಿ

ಮೈಸೂರು ಸಂಸ್ಥಾನದಲ್ಲಿ ಶಿಕ್ಷಣ ಇಲಾಖೆ 1857ರಲ್ಲಿ ಸ್ಥಾಪನೆಯಾಯಿತು. 1854ರ ವುಡ್ ವರದಿ ಸೂಚಿಸಿದ್ದ ಸಹಾಯಾನುದಾನ ಪದ್ಧತಿ ಅದರ ತಳಹದಿಗಳಲ್ಲೊಂದು. ಖಾಸಗಿ ಸಂಸ್ಥೆ ಶಾಲೆ ನಡೆಸಬಹುದು, ಸರ್ಕಾರ ನೆರವು ನೀಡಬಹುದು, ಆದರೆ ನೆರವು ಪಡೆದ ಸಂಸ್ಥೆ ತಪಾಸಣೆಗೂ ನಿಯಮಗಳಿಗೂ ಒಳಪಡಬೇಕು ಎಂಬುದು ಈ ಪದ್ಧತಿಯ ಸೂತ್ರ. ಬಿ.ಎಲ್. ರೈಸ್ ಅವರು 1868ರಲ್ಲಿ ರೂಪಿಸಿದ ಹೋಬಳಿ ಶಾಲೆಗಳ ಯೋಜನೆ ಗ್ರಾಮಾಂತರದ ಉಪಾಧ್ಯಾಯನನ್ನು ಸರ್ಕಾರದ ಸಂಬಳದ ವ್ಯಾಪ್ತಿಗೆ ತಂದಿತು. 1913ರ ಪ್ರಾಥಮಿಕ ಶಿಕ್ಷಣ ನಿಬಂಧನೆ ಕಡ್ಡಾಯ ಶಿಕ್ಷಣದತ್ತ ಇಟ್ಟ ಮೊದಲ ಹೆಜ್ಜೆ. 1930ರ ಶಾಸನ ಪ್ರಾಥಮಿಕ ಶಾಲೆಗಳ ಆಡಳಿತವನ್ನು ಸ್ಥಳೀಯ ಶಿಕ್ಷಣ ಪ್ರಾಧಿಕಾರಗಳಿಗೆ ವಹಿಸಿತಾದರೂ 1941ರ ಶಾಸನದ ಮೂಲಕ ಸರ್ಕಾರ ಆ ಹೊಣೆಯನ್ನು ಹಿಂದಕ್ಕೆ ಪಡೆಯಿತು. ಅಂದಿನಿಂದ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯ, ತನಿಖಾಧಿಕಾರಿ ಮತ್ತು ಜಿಲ್ಲಾ ಅಧಿಕಾರಿಗಳ ವೇತನ ಸಂಪೂರ್ಣವಾಗಿ ಸರ್ಕಾರದ ಶ್ರೇಣಿಗೆ ಒಳಪಟ್ಟಿತು.

ಈ ವ್ಯವಸ್ಥೆಯಲ್ಲಿ ಆಡಳಿತಗಾರನ ವೇತನಕ್ಕೆ ಪ್ರತ್ಯೇಕ ಮಿತಿಯ ಅಗತ್ಯವೇ ಬೀಳಲಿಲ್ಲ. ಕ್ಷೇತ್ರ ಶಿಕ್ಷಣಾಧಿಕಾರಿಯಾಗಲಿ, ಉಪನಿರ್ದೇಶಕರಾಗಲಿ ತಮ್ಮ ವೇತನವನ್ನು ತಾವೇ ನಿರ್ಧರಿಸುವಂತಿಲ್ಲ. ಪ್ರೌಢಶಾಲೆಯಲ್ಲಿ ಮಕ್ಕಳ ಸಂಖ್ಯೆ ಇಮ್ಮಡಿಯಾದರೂ ಮುಖ್ಯೋಪಾಧ್ಯಾಯರ ಸಂಬಳದಲ್ಲಿ ಅದರಿಂದ ಬದಲಾವಣೆಯಾಗದು. ನ್ಯಾಯಮೂರ್ತಿ ಟಿ.ಕೆ. ತುಕೋಳ್ ಆಯೋಗದಿಂದ ಹಿಡಿದು ಕೆ. ಸುಧಾಕರ ರಾವ್ ಅಧ್ಯಕ್ಷತೆಯ ಏಳನೆಯ ವೇತನ ಆಯೋಗದವರೆಗೆ ಎಲ್ಲ ಆಯೋಗಗಳೂ ಕೆಳಗಿನ ಮತ್ತು ಮೇಲಿನ ವೇತನಗಳ ನಡುವಿನ ಅಂತರವನ್ನು ಒಂದು ಅನುಪಾತದಲ್ಲಿ ಇಡಲು ಯತ್ನಿಸಿವೆ. ಏಳನೆಯ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಶ್ರೇಣಿಯಲ್ಲಿ ರಾಜ್ಯ ಸರ್ಕಾರಿ ನೌಕರನ ಕನಿಷ್ಠ ಮೂಲ ವೇತನ 27,000 ರೂಪಾಯಿ, ಗರಿಷ್ಠ ಮೂಲ ವೇತನ 2,41,200 ರೂಪಾಯಿ. ಅಂದರೆ ಅತ್ಯಂತ ಕೆಳಗಿನ ಹುದ್ದೆಗೂ ಅತ್ಯಂತ ಮೇಲಿನ ಹುದ್ದೆಗೂ ಇರುವ ಅಂತರ ಸುಮಾರು 9 ಪಟ್ಟು. ಇದು ಶಾಸನದ ಮಿತಿಯಲ್ಲವಾದರೂ ಪರಿಣಾಮದಲ್ಲಿ ಮಿತಿಯೇ. ಆದರೆ ಈ ಶ್ರೇಣಿಯ ಹೊರಗೆ ಅತಿಥಿ ಶಿಕ್ಷಕರೆಂಬ ವರ್ಗ ಬೆಳೆದಿರುವುದನ್ನೂ, ಅವರಿಗೆ ದೊರೆಯುವುದು ವೇತನವಲ್ಲ, ಗೌರವಧನ ಮಾತ್ರ ಎಂಬುದನ್ನೂ ಮರೆಯುವಂತಿಲ್ಲ.

ಅನುದಾನಿತ ಶಾಲೆಗಳಲ್ಲಿ ಇದೇ ತತ್ತ್ವ ಸ್ವಲ್ಪ ಬೇರೆ ರೀತಿಯಲ್ಲಿ ಕೆಲಸ ಮಾಡಿತು. ಮಂಜೂರಾದ ಹುದ್ದೆಗಳ ವೇತನವನ್ನು ಸರ್ಕಾರ ತನ್ನ ಶ್ರೇಣಿಯಂತೆ ಭರಿಸಿತು. ಮುಖ್ಯೋಪಾಧ್ಯಾಯರ ಹುದ್ದೆಯೂ ಅದರಲ್ಲಿ ಸೇರಿತು. ಆಡಳಿತ ಮಂಡಳಿಯ ಅಧ್ಯಕ್ಷ ಅಥವಾ ಕಾರ್ಯದರ್ಶಿಗೆ ಅನುದಾನದಲ್ಲಿ ಪಾಲಿರಲಿಲ್ಲ. ಅವರದು ಗೌರವ ಸೇವೆ ಎಂಬ ಭಾವನೆಯೇ ನಿಯಮಗಳ ಹಿಂದಿತ್ತು.

ಕಾಸರಗೋಡಿನ ನಿದರ್ಶನ

ಈ ಸಂದರ್ಭದಲ್ಲಿ ಕಾಸರಗೋಡಿನ ಕನ್ನಡ ಶಾಲೆಗಳ ಅನುಭವ ವಿಶೇಷ ಗಮನಕ್ಕೆ ಅರ್ಹವಾಗಿದೆ. ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಮರುವರ್ಷವೇ ಇ.ಎಂ.ಎಸ್. ನಂಬೂದಿರಿಪಾಡ್ ಸರ್ಕಾರದ ಶಿಕ್ಷಣ ಮಂತ್ರಿ ಜೋಸೆಫ್ ಮುಂಡಶ್ಶೇರಿ ಅವರು ಕೇರಳ ಶಿಕ್ಷಣ ಮಸೂದೆಯನ್ನು ಮಂಡಿಸಿದರು. ಅನುದಾನಿತ ಶಾಲೆಗಳು ಸಂಗ್ರಹಿಸುವ ಶುಲ್ಕವನ್ನು ಸರ್ಕಾರಕ್ಕೆ ಒಪ್ಪಿಸಬೇಕು, ಶಿಕ್ಷಕರ ವೇತನವನ್ನು ಸರ್ಕಾರವೇ ನೇರವಾಗಿ ಅಥವಾ ಮುಖ್ಯೋಪಾಧ್ಯಾಯರ ಮೂಲಕ ನೀಡಬೇಕು ಎಂಬುದು ಅದರ ಮುಖ್ಯ ಅಂಶವಾಗಿತ್ತು. ರಾಷ್ಟ್ರಪತಿಗಳು ಮಸೂದೆಯನ್ನು ಸರ್ವೋಚ್ಚ ನ್ಯಾಯಾಲಯದ ಅಭಿಪ್ರಾಯಕ್ಕೆ ಕಳುಹಿಸಿದರು. ನ್ಯಾಯಾಲಯವು 1958ರ ಮೇ 22ರಂದು ಅಭಿಪ್ರಾಯ ನೀಡಿತು. ಅಲ್ಪಸಂಖ್ಯಾತರ ಹಕ್ಕುಗಳಿಗೆ ಸಂಬಂಧಿಸಿದ ಮಾರ್ಪಾಡುಗಳ ನಂತರ ಮಸೂದೆ 1959ರಲ್ಲಿ ಕಾಯಿದೆಯಾಗಿ ಜಾರಿಗೆ ಬಂದಿತು.

ಇದರಿಂದ ಮಂಜೇಶ್ವರ, ಕುಂಬಳೆ ಭಾಗಗಳ ಅನುದಾನಿತ ಕನ್ನಡ ಶಾಲೆಯ ವ್ಯವಸ್ಥಾಪಕನಿಗೂ ಶಿಕ್ಷಕನ ಸಂಬಳಕ್ಕೂ ಇದ್ದ ನಂಟು ಕಡಿಯಿತು. ಅದಕ್ಕೆ ಮೊದಲು ಶಿಕ್ಷಕನ ಸಂಬಳ ವ್ಯವಸ್ಥಾಪಕನ ಕೈಯಿಂದ ಹಾದುಬರುತ್ತಿತ್ತು. ಸಹಿ ಹಾಕಿದ ಮೊತ್ತಕ್ಕಿಂತ ಕಡಿಮೆ ಹಣ ಕೈಗೆ ಸಿಗುವುದು ಶಿಕ್ಷಕ ಸಂಘಟನೆಗಳ ಬಹುಕಾಲದ ದೂರಾಗಿತ್ತು. ಶಾಲೆಯ ಒಡೆತನ ವ್ಯವಸ್ಥಾಪಕನಲ್ಲಿಯೇ ಉಳಿದರೂ ಶಾಲೆಯ ದೈನಂದಿನ ಆದಾಯ ಅವನಿಂದ ದೂರವಾಯಿತು. ಆದರೆ 1960ರ ತಿದ್ದುಪಡಿಯ ನಂತರ ನೇಮಕಾತಿಯ ಅಧಿಕಾರ ವ್ಯವಸ್ಥಾಪಕನಲ್ಲಿ ಉಳಿಯಿತು. ಸರ್ಕಾರ ಸಂಬಳ ನೀಡುವ ಹುದ್ದೆಗೆ ಖಾಸಗಿ ವ್ಯಕ್ತಿ ನೇಮಕ ಮಾಡುವ ಈ ವ್ಯವಸ್ಥೆಯಲ್ಲಿ ನೇಮಕಾತಿಯೇ ಹಣದ ವ್ಯವಹಾರವಾಗುತ್ತದೆ ಎಂಬ ಆಕ್ಷೇಪ ಕೇರಳದ ಸಾರ್ವಜನಿಕ ಜೀವನದಲ್ಲಿ ಮತ್ತೆ ಮತ್ತೆ ಕೇಳಿಬಂದಿದೆ. ಒಂದು ದ್ವಾರವನ್ನು ಮುಚ್ಚಿದ ಶಾಸನ ಮತ್ತೊಂದನ್ನು ತೆರೆದಿಟ್ಟರೆ ಉದ್ದೇಶ ಪೂರ್ಣವಾಗಿ ಈಡೇರದು ಎಂಬುದಕ್ಕೆ ಇದು ನಿದರ್ಶನ.

ಕರ್ನಾಟಕದ ಮೂರು ಶಾಸನಗಳು

ಕರ್ನಾಟಕದಲ್ಲಿ ಖಾಸಗಿ ಶಾಲೆಗಳ ಆಡಳಿತವನ್ನು ಹತೋಟಿಗೆ ತರುವ ಮೊದಲ ಪ್ರಮುಖ ಯತ್ನ 1975ರ ಖಾಸಗಿ ಶಿಕ್ಷಣ ಸಂಸ್ಥೆಗಳ (ಶಿಸ್ತು ಮತ್ತು ನಿಯಂತ್ರಣ) ಅಧಿನಿಯಮ. ದೇವರಾಜ ಅರಸು ಅವರ ಆಡಳಿತಾವಧಿಯಲ್ಲಿ ಬಂದ ಈ ಶಾಸನದ ಒಲವು ನೌಕರನ ರಕ್ಷಣೆಯ ಕಡೆಗಿತ್ತು. ವಿಚಾರಣೆಯಿಲ್ಲದೆ ಶಿಕ್ಷಕನನ್ನು ವಜಾಗೊಳಿಸುವಂತಿಲ್ಲ. ವಜಾಗೊಂಡವನು ಶಿಕ್ಷಣ ಮೇಲ್ಮನವಿ ನ್ಯಾಯಾಧಿಕರಣದ ಮೊರೆಹೋಗಬಹುದು. ಆಡಳಿತ ಮಂಡಳಿಯ ಮರ್ಜಿಯ ಮೇಲೆ ನಿಂತಿದ್ದ ಉದ್ಯೋಗಕ್ಕೆ ಕಾನೂನಿನ ನೆಲೆ ದೊರೆತದ್ದು ಇದರಿಂದ.

ಎರಡನೆಯದು 1984ರ ಕರ್ನಾಟಕ ಶಿಕ್ಷಣ ಸಂಸ್ಥೆಗಳ (ಕ್ಯಾಪಿಟೇಷನ್ ಶುಲ್ಕ ನಿಷೇಧ) ಅಧಿನಿಯಮ. ನಿಗದಿತ ಶುಲ್ಕವನ್ನು ಮೀರಿ, ಯಾವ ಹೆಸರಿನಿಂದ ಕರೆದರೂ, ನೇರವಾಗಿ ಅಥವಾ ಪರೋಕ್ಷವಾಗಿ ಪಡೆದ ಹಣವೆಲ್ಲ ಕ್ಯಾಪಿಟೇಷನ್ ಶುಲ್ಕವೇ ಎಂದು ಅದು ವ್ಯಾಖ್ಯಾನಿಸಿತು. ಉಲ್ಲಂಘನೆಗೆ 3 ವರ್ಷಕ್ಕೆ ಕಡಿಮೆಯಿಲ್ಲದ, 7 ವರ್ಷದವರೆಗೆ ವಿಸ್ತರಿಸಬಹುದಾದ ಸೆರೆವಾಸ ಮತ್ತು 5,000 ರೂಪಾಯಿವರೆಗಿನ ದಂಡವನ್ನು ವಿಧಿಸಿತು. ರಾಮಕೃಷ್ಣ ಹೆಗಡೆ ಅವರ ಸರ್ಕಾರದ ಈ ಶಾಸನ ವೃತ್ತಿಶಿಕ್ಷಣ ಕಾಲೇಜುಗಳನ್ನು ಮುಖ್ಯವಾಗಿ ಲಕ್ಷಿಸಿದರೂ, ಜನರ ಬಾಯಲ್ಲಿ ‘ಡೊನೇಷನ್’ ಎಂದು ಪ್ರಚಲಿತವಾಗಿದ್ದ ಪದ್ಧತಿಯನ್ನು ಅಪರಾಧವೆಂದು ಹೆಸರಿಸಿತು.

ಮೂರನೆಯದು ಕರ್ನಾಟಕ ಶಿಕ್ಷಣ ಅಧಿನಿಯಮ, 1983. ವಿಧಾನಮಂಡಲದ ಅಂಗೀಕಾರ ಪಡೆದ ಈ ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ದೊರೆತದ್ದು 1993ರ ಅಕ್ಟೋಬರ್‌ನಲ್ಲಿ. ಅದು 1995ರ ಒಂದನೆಯ ಅಧಿನಿಯಮವಾಗಿ ಪ್ರಕಟವಾಯಿತು. ಈ ಹನ್ನೆರಡು ವರ್ಷಗಳ ವಿಳಂಬ ಸಣ್ಣ ಸಂಗತಿಯಲ್ಲ. ಬೆಂಗಳೂರಿನ ಹೊರವಲಯ ಕೃಷಿಯಿಂದ ಕೈಗಾರಿಕೆಗೆ ಹೊರಳಿದ ವರ್ಷಗಳೇ ಇವು. ಏಕೀಕರಣಕ್ಕೆ ಮೊದಲಿನ ಬೇರೆಬೇರೆ ಪ್ರಾಂತ್ಯಗಳಿಂದ ಬಂದ ಶಿಕ್ಷಣ ಶಾಸನಗಳ ಜಾಗದಲ್ಲಿ ಒಂದೇ ಶಾಸನವನ್ನು ತಂದ ಈ ಅಧಿನಿಯಮವು ಆಡಳಿತ ಮಂಡಳಿಯ ಕರ್ತವ್ಯ, ಮಾನ್ಯತೆ, ಅನುದಾನ, ಲೆಕ್ಕಪತ್ರ ಮತ್ತು ನೌಕರರ ವೇತನ ಭತ್ಯೆಗಳನ್ನು ಒಂದೆಡೆ ತಂದಿತು. ಅದರ 48ನೆಯ ಪ್ರಕರಣ ಶುಲ್ಕವನ್ನು ನಿಯಂತ್ರಿಸಿತು. 1975ರ ಶಾಸನದ ಸೇವಾಭದ್ರತೆಯ ಅಂಶಗಳು 92, 94 ಮತ್ತು 96ನೆಯ ಪ್ರಕರಣಗಳಲ್ಲಿ ಮುಂದುವರಿದವು. 1999ರಲ್ಲಿ ಶುಲ್ಕ ಮತ್ತು ದೇಣಿಗೆಗಳ ನಿಯಂತ್ರಣಕ್ಕೆ ಪ್ರತ್ಯೇಕ ನಿಯಮಗಳು ಬಂದವು.

ಈ ಮೂರು ಶಾಸನಗಳನ್ನು ಒಟ್ಟಿಗೆ ನೋಡಿದಾಗ ಒಂದು ವಿನ್ಯಾಸ ಸ್ಪಷ್ಟವಾಗುತ್ತದೆ. ಶಿಕ್ಷಕನಿಗೆ ಇಷ್ಟಕ್ಕಿಂತ ಕಡಿಮೆ ಕೊಡಬಾರದು ಎಂಬ ಕೆಳಮಿತಿ ಇದೆ. ಪೋಷಕನಿಂದ ಇಷ್ಟಕ್ಕಿಂತ ಹೆಚ್ಚು ಪಡೆಯಬಾರದು ಎಂಬ ಮೇಲ್ಮಿತಿ ಇದೆ. ಇವೆರಡರ ನಡುವೆ ಉಳಿಯುವ ಹಣದಲ್ಲಿ ಆಡಳಿತಗಾರ ತನಗೆ ಎಷ್ಟು ತೆಗೆದುಕೊಳ್ಳಬಹುದು ಎಂಬ ಬಗ್ಗೆ ನೇರವಾದ ಮಾತಿಲ್ಲ. ಎರಡು ತುದಿಗಳನ್ನು ಬಿಗಿದರೆ ನಡುವಿನದು ತಾನಾಗಿಯೇ ಹತೋಟಿಗೆ ಬರುತ್ತದೆ ಎಂಬ ನಂಬಿಕೆ ಶಾಸನದ ಹಿಂದಿತ್ತೆಂದು ಭಾವಿಸಬಹುದು. ಆದರೆ ಈ ಅಧಿನಿಯಮದ ವ್ಯಾಪ್ತಿಯಿಂದ ಐಸಿಎಸ್‌ಇ ಮತ್ತು ಸಿಬಿಎಸ್‌ಇ ಶಾಲೆಗಳನ್ನು ಬಹುಮಟ್ಟಿಗೆ ಹೊರಗಿಡಲಾಗಿತ್ತು. ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಹೆಚ್ಚಿನ ಶುಲ್ಕದ ಶಾಲೆಗಳಲ್ಲಿ ಅನೇಕವು ಈ ಪಠ್ಯಕ್ರಮದವು. ಪೀಣ್ಯದ ಕಾರ್ಮಿಕನ ಮಗು ಓದುವ ರಾಜ್ಯ ಪಠ್ಯಕ್ರಮದ ಸಣ್ಣ ಶಾಲೆಗೆ ಅನ್ವಯಿಸಿದ ಶಾಸನ ದೊಡ್ಡ ಶಾಲೆಗೆ ಅನ್ವಯಿಸದೆ ಹೋಯಿತು. 2017ರ ತಿದ್ದುಪಡಿ ಈ ಅಂತರವನ್ನು ತುಂಬಲು ಹೊರಟಿತು.

ನ್ಯಾಯಾಲಯಗಳ ಪಾತ್ರ

ಈ ವಿಷಯದಲ್ಲಿ ದೇಶದ ಕಾನೂನನ್ನು ರೂಪಿಸಿದ ಪ್ರಮುಖ ತೀರ್ಪುಗಳಲ್ಲಿ ಹಲವು ಕರ್ನಾಟಕದಿಂದ ಹೋದ ಪ್ರಕರಣಗಳು. 1989ರ ಜೂನ್ 5ರ ಅಧಿಸೂಚನೆಯ ಮೂಲಕ ರಾಜ್ಯ ಸರ್ಕಾರವು ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000 ರೂಪಾಯಿ, ಹೊರರಾಜ್ಯದವರಿಗೆ 60,000 ರೂಪಾಯಿ ಶುಲ್ಕ ನಿಗದಿಪಡಿಸಿತ್ತು. ಇದನ್ನು ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1992ರಲ್ಲಿ ಕ್ಯಾಪಿಟೇಷನ್ ಶುಲ್ಕ ಸಂವಿಧಾನಬಾಹಿರವೆಂದೂ ಶಿಕ್ಷಣ ಮೂಲಭೂತ ಹಕ್ಕೆಂದೂ ಸಾರಿತು. 1993ರ ಉನ್ನಿಕೃಷ್ಣನ್ ತೀರ್ಪು ಆ ಹಕ್ಕನ್ನು 14 ವರ್ಷದವರೆಗಿನ ಮಕ್ಕಳಿಗೆ ಖಚಿತಪಡಿಸಿತು.

2002ರ ಅಕ್ಟೋಬರ್ 31ರಂದು ಟಿ.ಎಂ.ಎ. ಪೈ ಪ್ರತಿಷ್ಠಾನ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠ ನೀಡಿದ ತೀರ್ಪು ದಿಕ್ಕನ್ನು ಬದಲಿಸಿತು. ಅನುದಾನರಹಿತ ಸಂಸ್ಥೆಗೆ ಶುಲ್ಕ ನಿರ್ಧರಿಸುವ ಸ್ವಾತಂತ್ರ್ಯವಿದೆ, ಬೆಳವಣಿಗೆಗೆ ಬೇಕಾದ ನ್ಯಾಯೋಚಿತ ಮಿಗತೆಯನ್ನು ಉಳಿಸಿಕೊಳ್ಳಬಹುದು, ಆದರೆ ಲಾಭಕೋರತನ ಸಲ್ಲದು ಎಂಬುದು ಅದರ ಸಾರ. ನ್ಯಾಯೋಚಿತ ಮಿಗತೆ ಎಲ್ಲಿ ಮುಗಿದು ಲಾಭಕೋರತನ ಎಲ್ಲಿ ಆರಂಭವಾಗುತ್ತದೆ ಎಂಬ ಪ್ರಶ್ನೆಯನ್ನು 2003ರ ಇಸ್ಲಾಮಿಕ್ ಅಕಾಡೆಮಿ ಮತ್ತು 2005ರ ಇನಾಮ್‌ದಾರ್ ತೀರ್ಪುಗಳು ಮುಂದುವರಿಸಿದವು. ದೆಹಲಿಯ ಶಾಲೆಗಳಿಗೆ ಸಂಬಂಧಿಸಿದ 2004ರ ಮಾಡರ್ನ್ ಸ್ಕೂಲ್ ತೀರ್ಪು ಇನ್ನಷ್ಟು ನಿಖರವಾಗಿತ್ತು. ಶುಲ್ಕದ ಹಣ ಮೊದಲು ನೌಕರರ ವೇತನಕ್ಕೆ ಸಲ್ಲಬೇಕು, ಅದನ್ನು ಶಾಲೆ ನಡೆಸುವ ಸಂಘಕ್ಕೆ ವರ್ಗಾಯಿಸುವಂತಿಲ್ಲ, ಅಭಿವೃದ್ಧಿ ಶುಲ್ಕ ಬೋಧನಾ ಶುಲ್ಕದ ಶೇ. 15ನ್ನು ಮೀರಬಾರದು ಎಂದು ಅದು ವಿಧಿಸಿತು.

ಕರ್ನಾಟಕದಲ್ಲಿ ಈ ಸರಣಿ 2023ರ ಜನವರಿಯಲ್ಲಿ ಒಂದು ತಿರುವನ್ನು ಕಂಡಿತು. ಶಿಕ್ಷಣ ಅಧಿನಿಯಮದ 48ನೆಯ ಪ್ರಕರಣವು ಅನುದಾನರಹಿತ ಖಾಸಗಿ ಶಾಲೆಗಳಿಗೆ ಅನ್ವಯಿಸುವ ಮಟ್ಟಿಗೆ ಸಂವಿಧಾನಕ್ಕೆ ವಿರುದ್ಧವೆಂದು ಉಚ್ಚ ನ್ಯಾಯಾಲಯ ತೀರ್ಪಿತ್ತಿತು. ಎರಡು ತುದಿಗಳ ಪೈಕಿ ಮೇಲ್ಮಿತಿಯ ತುದಿ ಹೀಗೆ ಸಡಿಲವಾಯಿತು.

ಕಾರ್ಖಾನೆಯ ಕಾನೂನು ಮತ್ತು ಶಾಲೆಯ ಕಾನೂನು

ಕೈಗಾರಿಕಾ ಪ್ರದೇಶದಲ್ಲಿಯೇ ಶಾಲೆಗಳಿರುವುದರಿಂದ ಒಂದು ಹೋಲಿಕೆ ಸಹಜವಾಗಿ ಎದುರಾಗುತ್ತದೆ. 1956ರ ಕಂಪನಿ ಕಾಯಿದೆಯ 198ನೆಯ ಪ್ರಕರಣದ ಪ್ರಕಾರ ಸಾರ್ವಜನಿಕ ಕಂಪನಿಯ ವ್ಯವಸ್ಥಾಪಕ ವರ್ಗದ ಒಟ್ಟು ಸಂಭಾವನೆ ಆ ವರ್ಷದ ನಿವ್ವಳ ಲಾಭದ ಶೇ. 11ನ್ನು ಮೀರುವಂತಿರಲಿಲ್ಲ. ಒಬ್ಬ ವ್ಯವಸ್ಥಾಪಕ ನಿರ್ದೇಶಕನ ಪಾಲು ಶೇ. 5ಕ್ಕೆ ಸೀಮಿತವಾಗಿತ್ತು. 2013ರ ಕಾಯಿದೆಯ 197ನೆಯ ಪ್ರಕರಣ ಇದನ್ನೇ ಮುಂದುವರಿಸಿತು; 2018ರಿಂದ ಮಿತಿ ಮೀರಲು ಕೇಂದ್ರ ಸರ್ಕಾರದ ಅನುಮತಿಯ ಬದಲು ಷೇರುದಾರರ ವಿಶೇಷ ನಿರ್ಣಯ ಸಾಕೆಂದಾಯಿತು. ಲಾಭಕ್ಕಾಗಿಯೇ ಹುಟ್ಟಿದ ಕಂಪನಿಯ ಮುಖ್ಯಸ್ಥನ ಸಂಭಾವನೆಗೆ ಶಾಸನದ ಮಿತಿ ಇದೆ, ಅದು ಪ್ರಕಟವೂ ಆಗಬೇಕು. ಲಾಭಕ್ಕಾಗಿ ಅಲ್ಲವೆಂದು ಘೋಷಿಸಿಕೊಂಡು 1960ರ ಸಂಘಗಳ ನೋಂದಣಿ ಅಧಿನಿಯಮದಡಿ ಅಥವಾ ನ್ಯಾಸವಾಗಿ ನೋಂದಣಿಯಾದ ಶಾಲೆಯ ಮುಖ್ಯಸ್ಥನಿಗೆ ಅಂತಹ ಅಂಕಿಯ ಮಿತಿ ಇಲ್ಲ. ಪೋಷಕ ಷೇರುದಾರನಲ್ಲ; ಆತನಿಗೆ ಮತವೂ ಇಲ್ಲ, ಲೆಕ್ಕ ಕೇಳುವ ಸಭೆಯೂ ಇಲ್ಲ.

ಕೆಳತುದಿಯ ಸ್ಥಿತಿಯೂ ಇಂತಹುದೇ. ಕಾರ್ಖಾನೆಯ ಕಾರ್ಮಿಕನಿಗೆ ಕನಿಷ್ಠ ವೇತನ ಮತ್ತು ಕೈಗಾರಿಕಾ ವಿವಾದ ಕಾನೂನುಗಳ ಆಶ್ರಯವಿತ್ತು. ಶಿಕ್ಷಕರು ಕೈಗಾರಿಕಾ ವಿವಾದ ಕಾಯಿದೆಯ ಅರ್ಥದಲ್ಲಿ ಕಾರ್ಮಿಕರಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1988ರ ಸುಂದರಾಂಬಾಳ್ ಪ್ರಕರಣದಲ್ಲಿ ತೀರ್ಮಾನಿಸಿತು. ಕನಿಷ್ಠ ವೇತನ ಕಾಯಿದೆಯೂ ಅವರಿಗೆ ಅನ್ವಯಿಸದೆಂದು 1996ರಲ್ಲಿ ಹರಿಯಾಣದ ಪ್ರಕರಣವೊಂದರಲ್ಲಿ ಸ್ಪಷ್ಟಪಡಿಸಿತು. ಉಪದಾನದ ಹಕ್ಕು ದೊರೆತದ್ದು 2009ರ ತಿದ್ದುಪಡಿಯಿಂದ. 1997ರ ಏಪ್ರಿಲ್ 3ರಿಂದ ಪೂರ್ವಾನ್ವಯವಾಗುವ ಆ ತಿದ್ದುಪಡಿಯನ್ನು ನ್ಯಾಯಾಲಯ ಎತ್ತಿಹಿಡಿದದ್ದು 2022ರಲ್ಲಿ. ಹೀಗಾಗಿ ಒಂದೇ ಓಣಿಯಲ್ಲಿ ವಾಸಿಸುವ ಯಂತ್ರ ಕಾರ್ಮಿಕನಿಗೂ ಆತನ ಮಗುವಿಗೆ ಪಾಠ ಹೇಳುವ ಪದವೀಧರ ಶಿಕ್ಷಕಿಗೂ ಕಾನೂನಿನ ರಕ್ಷಣೆ ಸಮಾನವಾಗಿರಲಿಲ್ಲ. ಕೆಳಮಿತಿ ಕಾಗದದ ಮೇಲಿದ್ದರೂ ಅದನ್ನು ಕೇಳಿ ಪಡೆಯುವ ಬಲ ಆಕೆಗಿರಲಿಲ್ಲ.

ಕೋವಿಡ್ ಕಾಲದಲ್ಲಿ ಈ ಅಸಮತೋಲನ ಬಯಲಿಗೆ ಬಂದಿತು. 2021ರ ಜನವರಿ 29ರಂದು ಸರ್ಕಾರ ಬೋಧನಾ ಶುಲ್ಕದ ಶೇ. 70ನ್ನು ಮಾತ್ರ ಪಡೆಯಬೇಕೆಂದು ಆದೇಶಿಸಿತು. ರಾಜಸ್ಥಾನದ ಶಾಲೆಗಳ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಶೇ. 15ರ ಕಡಿತವನ್ನು ವಿಧಿಸಿದ ನಂತರ, ಅದೇ ಪ್ರಮಾಣವನ್ನು ಕರ್ನಾಟಕದ ಉಚ್ಚ ನ್ಯಾಯಾಲಯವೂ ಅನುಸರಿಸಿತು. ಶುಲ್ಕ ಕಡಿಮೆಯಾದರೆ ವೇತನ ಕೊಡಲಾಗದು ಎಂಬುದು ಆಡಳಿತ ಮಂಡಳಿಗಳ ವಾದವಾಗಿತ್ತು. ಅನೇಕ ಶಾಲೆಗಳಲ್ಲಿ ಶಿಕ್ಷಕರ ವೇತನ ಕಡಿತಗೊಂಡಿತು ಅಥವಾ ನಿಂತೇಹೋಯಿತು. 2021ರ ಜೂನ್‌ನಲ್ಲಿ ಅನುದಾನರಹಿತ ಶಾಲೆಗಳ ಶಿಕ್ಷಕರಿಗೆ ಸರ್ಕಾರವೇ ತಲಾ 5,000 ರೂಪಾಯಿ ನೆರವು ಘೋಷಿಸಬೇಕಾಯಿತು. ಪೋಷಕ ಮತ್ತು ಶಿಕ್ಷಕ ಇಬ್ಬರ ಲೆಕ್ಕವೂ ಸಾರ್ವಜನಿಕವಾಗಿ ಚರ್ಚೆಯಾದ ಆ ದಿನಗಳಲ್ಲಿಯೂ ಆಡಳಿತದ ವೆಚ್ಚ ಎಷ್ಟೆಂಬ ಲೆಕ್ಕ ಚರ್ಚೆಗೆ ಬರಲಿಲ್ಲ ಎಂಬುದು ಗಮನಾರ್ಹ.

ತೆರಿಗೆ ಕಾನೂನಿನ ಪರೋಕ್ಷ ಮಿತಿ

ಆಡಳಿತಗಾರನ ವೇತನವನ್ನು ಹೆಸರಿಸಿ ಮಾತನಾಡಿದ ಶಾಸನ ಶಿಕ್ಷಣ ಕ್ಷೇತ್ರದ್ದಲ್ಲ, ತೆರಿಗೆಯದು ಎಂಬುದು ಈ ಚರಿತ್ರೆಯ ವಿಶೇಷ. 1961ರ ಆದಾಯ ತೆರಿಗೆ ಕಾಯಿದೆಯ 13ನೆಯ ಪ್ರಕರಣದ ಪ್ರಕಾರ ಧರ್ಮಾರ್ಥ ನ್ಯಾಸವೊಂದು ತನ್ನ ಸ್ಥಾಪಕನಿಗೆ, ನ್ಯಾಸಧಾರಿಗೆ ಅಥವಾ ಅವರ ಬಂಧುವಿಗೆ ಸಲ್ಲಿಸಿದ ಸೇವೆಗೆ ನ್ಯಾಯೋಚಿತವಾದುದಕ್ಕಿಂತ ಹೆಚ್ಚಿನ ಸಂಬಳ ಕೊಟ್ಟರೆ ತೆರಿಗೆ ವಿನಾಯಿತಿಗೆ ಧಕ್ಕೆಯಾಗುತ್ತಿತ್ತು. ಶಿಕ್ಷಣ ಸಂಸ್ಥೆಗಳು ಬಹುಕಾಲ ಬೇರೆ ಪ್ರಕರಣದಡಿ ವಿನಾಯಿತಿ ಪಡೆಯುತ್ತಿದ್ದುದರಿಂದ ಈ ನಿರ್ಬಂಧದ ಪೂರ್ಣ ಭಾರ ಅವುಗಳ ಮೇಲೆ ಬೀಳಲಿಲ್ಲ. 2022ರ ಹಣಕಾಸು ಕಾಯಿದೆ ಅವುಗಳಿಗೂ ಇದೇ ಬಗೆಯ ನಿರ್ಬಂಧವನ್ನು ವಿಸ್ತರಿಸಿತು. ಅದೇ ವರ್ಷದ ಅಕ್ಟೋಬರ್ 19ರ ನ್ಯೂ ನೋಬಲ್ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ವಿನಾಯಿತಿ ಪಡೆಯುವ ಸಂಸ್ಥೆಯ ಉದ್ದೇಶ ಶಿಕ್ಷಣವೊಂದೇ ಆಗಿರಬೇಕೆಂದು ವ್ಯಾಖ್ಯಾನಿಸಿತು.

ಈ ಮಿತಿಯ ಸ್ವರೂಪವನ್ನು ಗಮನಿಸಬೇಕು. ಇದು ಸರ್ಕಾರದ ಬೊಕ್ಕಸ ಮತ್ತು ನ್ಯಾಸದ ನಡುವಿನ ವ್ಯವಹಾರ. ಅಧಿಕ ವೇತನ ಕಂಡುಬಂದರೆ ಶಾಲೆ ತೆರಿಗೆ ಕಟ್ಟಬೇಕಾಗುತ್ತದೆ. ಶುಲ್ಕ ಕಟ್ಟಿದ ಪೋಷಕನಿಗಾಗಲಿ ಕಡಿಮೆ ಸಂಬಳ ಪಡೆದ ಶಿಕ್ಷಕಿಗಾಗಲಿ ಅದರಿಂದ ಏನೂ ಹಿಂದಿರುಗುವುದಿಲ್ಲ. ಅಲ್ಲದೆ, ಸಂಬಳದ ರೂಪದಲ್ಲಲ್ಲದೆ ಕಟ್ಟಡದ ಬಾಡಿಗೆ, ವಾಹನ ಗುತ್ತಿಗೆ, ಸಮವಸ್ತ್ರ ಮತ್ತು ಪುಸ್ತಕಗಳ ಮಾರಾಟದ ರೂಪದಲ್ಲಿಯೂ ಹಣ ಹೊರಹೋಗಬಹುದು. ವೇತನವೊಂದನ್ನೇ ಮಿತಿಗೊಳಿಸುವ ಶಾಸನದ ಇತಿಮಿತಿ ಇದೇ.

ಇತರೆಡೆಯ ಅನುಭವ

ಎಲೆಕ್ಟ್ರಾನಿಕ್ ಸಿಟಿಯಿಂದ ಅತ್ತಿಬೆಲೆ ದಾಟಿದರೆ ತಮಿಳುನಾಡಿನ ಹೊಸೂರು. ಅಲ್ಲಿ 2009ರ ಶುಲ್ಕ ನಿಯಂತ್ರಣ ಕಾಯಿದೆಯಂತೆ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳ ಅಧ್ಯಕ್ಷತೆಯ ಸಮಿತಿ ಪ್ರತಿ ಶಾಲೆಯ ಶುಲ್ಕವನ್ನು ನಿಗದಿಪಡಿಸುತ್ತದೆ. ಶಾಲೆ ಇರುವ ಸ್ಥಳ, ಸೌಕರ್ಯ, ಬೆಳವಣಿಗೆಗೆ ಬೇಕಾದ ಮಿಗತೆ ಇವುಗಳೊಂದಿಗೆ ಆಡಳಿತ ಮತ್ತು ನಿರ್ವಹಣೆಯ ವೆಚ್ಚವೂ ಸಮಿತಿಯ ಪರಿಶೀಲನೆಗೆ ಬರುತ್ತದೆ. ಅಂಕಿಯ ಮಿತಿ ಇಲ್ಲದಿದ್ದರೂ ಆಡಳಿತದ ವೆಚ್ಚವನ್ನು ಹೊರಗಿನವರೊಬ್ಬರು ನೋಡುವ ವ್ಯವಸ್ಥೆ ಇದರಿಂದ ಏರ್ಪಟ್ಟಿತು.

ನೇರ ಮಿತಿಯ ಪ್ರಸಿದ್ಧ ನಿದರ್ಶನ ಅಮೆರಿಕದ ನ್ಯೂಜೆರ್ಸಿ ಸಂಸ್ಥಾನದ್ದು. ಅಲ್ಲಿನ ಸಾರ್ವಜನಿಕ ಶಾಲಾ ಜಿಲ್ಲೆಗಳ ಮುಖ್ಯಾಧಿಕಾರಿಗಳ ವೇತನವನ್ನು 2011ರಿಂದ ವಿದ್ಯಾರ್ಥಿಗಳ ಸಂಖ್ಯೆಗೆ ಅನುಗುಣವಾಗಿ, ಸಾಮಾನ್ಯವಾಗಿ ರಾಜ್ಯಪಾಲರ ವೇತನವಾದ 1,75,000 ಡಾಲರುಗಳನ್ನು ಮೀರದಂತೆ ಕಟ್ಟಿಹಾಕಲಾಯಿತು. ಅನುಭವಿ ಅಧಿಕಾರಿಗಳು ನಿವೃತ್ತರಾಗುವುದು ಅಥವಾ ಮಿತಿಯಿಲ್ಲದ ನೆರೆಯ ಸಂಸ್ಥಾನಗಳಿಗೆ ಹೋಗುವುದು ಹೆಚ್ಚಿತೆಂಬ ದೂರು ಬಂದಿತು. 2019ರಲ್ಲಿ ಶಾಸನದ ಮೂಲಕ ಮಿತಿಯನ್ನು ತೆಗೆದುಹಾಕಲಾಯಿತು. ಅಲ್ಲಿಯ ಸಮಸ್ಯೆ ಸಾರ್ವಜನಿಕ ಶಾಲೆಯ ಅಧಿಕಾರಿಗೆ ಹೆಚ್ಚು ವೇತನ ದೊರೆಯುವುದು. ನಮ್ಮಲ್ಲಿ ಸಾರ್ವಜನಿಕ ಶಾಲೆಯ ಅಧಿಕಾರಿ ಶ್ರೇಣಿಯೊಳಗಿದ್ದಾನೆ. ಪ್ರಶ್ನೆ ಏಳುವುದು ಸಾರ್ವಜನಿಕ ಕಾರ್ಯವನ್ನು ಖಾಸಗಿ ಹಣದಿಂದ ನಡೆಸುವ ಶಾಲೆಯಲ್ಲಿ. ಆದ್ದರಿಂದ ಅಲ್ಲಿನ ಪರಿಹಾರವನ್ನು ಇಲ್ಲಿಗೆ ಯಥಾವತ್ತಾಗಿ ತರುವುದು ಸಾಧುವಲ್ಲ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಆಡಳಿತಗಾರನ ವೇತನಕ್ಕೆ ಮಿತಿ ಹಾಕಿದ್ದು ವೇತನ ಶ್ರೇಣಿ. ಅದಕ್ಕಾಗಿ ಪ್ರತ್ಯೇಕ ಶಾಸನ ಬೇಕಾಗಲಿಲ್ಲ. ಕಾಸರಗೋಡಿನಲ್ಲಿ ಹಣದ ದಾರಿಯನ್ನೇ ಬದಲಿಸುವ ಮೂಲಕ ವ್ಯವಸ್ಥಾಪಕನ ಹಿಡಿತವನ್ನು ಸಡಿಲಿಸಲಾಯಿತು. ಅನುದಾನರಹಿತ ಶಾಲೆಗಳ ವಿಷಯದಲ್ಲಿ ಕರ್ನಾಟಕವು ಶುಲ್ಕದ ಮೇಲ್ಮಿತಿ ಮತ್ತು ವೇತನದ ಕೆಳಮಿತಿ ಎಂಬ ಎರಡು ಒಡ್ಡುಗಳನ್ನು ಕಟ್ಟಿತು. ಮೇಲಿನ ಒಡ್ಡು ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಕೆಳಗಿನ ಒಡ್ಡು ಜಾರಿಯ ಕೊರತೆಯಿಂದ ಗಟ್ಟಿಯಾಗಲಿಲ್ಲ. ನಡುವಿನ ಪಾಲನ್ನು ಕುರಿತು ಶಿಕ್ಷಣ ಶಾಸನ ಮೌನವಾಗಿಯೇ ಉಳಿಯಿತು.

ಆದರೆ ನ್ಯಾಯಾಲಯಗಳು ಲಾಭಕೋರತನಕ್ಕೆ ಎಂದೂ ಮಾನ್ಯತೆ ನೀಡಿಲ್ಲ. ಟಿ.ಎಂ.ಎ. ಪೈ ತೀರ್ಪಿನಿಂದ ನ್ಯೂ ನೋಬಲ್ ತೀರ್ಪಿನವರೆಗೆ ಆ ನಿಲುವು ಅಚಲವಾಗಿದೆ. ಆದ್ದರಿಂದ ಮುಂದಿನ ಶಾಸನಕ್ಕೆ ದಾರಿ ಮುಚ್ಚಿಲ್ಲ. ಆಡಳಿತಗಾರನಿಗೂ ಆತನ ಬಂಧುಗಳಿಗೂ ಸಂದ ಹಣವನ್ನು, ಅತಿ ಕಡಿಮೆ ವೇತನ ಪಡೆಯುವ ಶಿಕ್ಷಕನ ವೇತನದೊಂದಿಗೆ, ಪೋಷಕರು ಕಾಣುವಂತೆ ಪ್ರಕಟಿಸುವ ಹೊಣೆಯನ್ನು ಶಾಲೆಗೆ ವಹಿಸುವುದು ಶುಲ್ಕದ ಸ್ವಾತಂತ್ರ್ಯಕ್ಕೆ ಕೈ ಹಾಕದೆಯೇ ಸಾಧ್ಯವಿರುವ ಕ್ರಮ. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದು ತನ್ನ ಷೇರುದಾರರಿಗೆ ಪ್ರತಿವರ್ಷ ಕೊಡುವ ಲೆಕ್ಕವನ್ನು ಅದೇ ಊರಿನ ಶಾಲೆ ತನ್ನ ಮಕ್ಕಳ ತಂದೆತಾಯಿಗಳಿಗೆ ಕೊಡಲಾಗದು ಎನ್ನಲು ಚರಿತ್ರೆಯಲ್ಲಾಗಲಿ ನ್ಯಾಯದಲ್ಲಾಗಲಿ ಆಧಾರ ಕಾಣುವುದಿಲ್ಲ.